ಮಳೆಗಾಲಕ್ಕೆಂದು ಬೆಳೆದ ಬೇಸಿಗೆ: ಆಗುಂಬೆ ಸೀಮೆಯ ಹಿತ್ತಲಿನ ಚರಿತ್ರೆ

ಆಗುಂಬೆ ಎಂದೊಡನೆ ನಿಮಗೆ ನೆನಪಾಗುವುದು ಮಳೆ, ಇಲ್ಲವೇ ಸೂರ್ಯಾಸ್ತ. ನಿಮ್ಮ ತಂದೆ ತಾಯಿಯರಿಗಾದರೆ 'ಮಾಲ್ಗುಡಿ ಡೇಸ್'. ಶಂಕರ್ ನಾಗ್ ಅವರು 1980ರ ದಶಕದಲ್ಲಿ ಆ ಧಾರಾವಾಹಿಯನ್ನು ಚಿತ್ರೀಕರಿಸಿದ್ದು ಇಲ್ಲಿಯೇ. ಆದರೆ ಈ ಸಲ ನಾನು ನಿಮ್ಮನ್ನು ಕರೆದೊಯ್ಯುವುದು ಇಲ್ಲಿನ ಮನೆಗಳ ಹಿಂಬಾಗಿಲಿಗೆ, ಅಂದರೆ ಹಿತ್ತಲಿಗೆ.

ಏಪ್ರಿಲ್ ಕಳೆದು ಮೇ ಬಂದಿದೆ ಎಂದುಕೊಳ್ಳಿ. ಬೆಂಡೆ, ಅಲಸಂದೆ, ಹರಿವೆ ಸಾಲಾಗಿ ನಿಂತಿವೆ. ಚಪ್ಪರದ ಮೇಲೆ ಬಸಳೆ, ಹಾಗಲ, ಪಡವಲ. ನೆಲದಲ್ಲಿ ಬಳ್ಳಿ ಹರಿದು ಮಲಗಿದ ಸೌತೆ, ಕುಂಬಳ. ಬೆಳಿಗ್ಗೆ ಕೊಯ್ದ ಬೆಂಡೆ ಮಧ್ಯಾಹ್ನಕ್ಕೆ ಪಲ್ಯವಾಗುತ್ತದೆ. ಎಳೆಸೌತೆಯನ್ನಂತೂ ಮಕ್ಕಳು ಅಡುಗೆಮನೆಯವರೆಗೆ ಹೋಗಲು ಬಿಡುವುದೇ ಇಲ್ಲ. ಉಪ್ಪು, ಮೆಣಸಿನಪುಡಿ ಹಚ್ಚಿ ಅಲ್ಲೇ ಮುಗಿಸುತ್ತಾರೆ. ಬೇಸಿಗೆ ರಜೆಗೆ ಅಜ್ಜಿಮನೆಗೆ ಹೋದವರಿಗೆ ಈ ಸುಖ ಗೊತ್ತು. ಆದರೆ ಕೆಲವು ಕಾಯಿಗಳ ಹತ್ತಿರ ಹೋದರೆ ಅಜ್ಜಿ ಗದರುತ್ತಾರೆ: "ಅದು ಮಳೆಗಾಲಕ್ಕೆ ಕಣ್ರೋ, ಮುಟ್ಟಬೇಡಿ!"

ಆ ಗದರಿಕೆಯ ಹಿಂದೆ ಒಂದು ದೊಡ್ಡ ಲೆಕ್ಕಾಚಾರವಿದೆ. ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಜುಲೈಯಲ್ಲಿ ಅಲ್ಲಿಗೆ ಕ್ಯಾಮೆರಾ ಒಯ್ದವರನ್ನು ಕೇಳಿ. ಲೆನ್ಸಿನ ಮೇಲೆ ಕೂತ ತೇವ ಒರೆಸುವಷ್ಟರಲ್ಲಿ ಎದುರಿನ ಗುಡ್ಡವೇ ಮಾಯವಾಗಿರುತ್ತದೆ. ಅಂಥ ಮಳೆಯಲ್ಲಿ ತರಕಾರಿ ಬೆಳೆಯುವುದು ಹೇಗೆ? ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಉಸಿರಾಡಲು ಗಾಳಿಯಿಲ್ಲ. ಸೌತೆ, ಕುಂಬಳದ ಜಾತಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಪರಾಗ ಹೊತ್ತು ತರಬೇಕಾದ ಜೇನು ಜಡಿಮಳೆಯಲ್ಲಿ ಗೂಡು ಬಿಡುವುದಿಲ್ಲ. ಇನ್ನು ಸಂತೆಯ ಮಾತು. ರಸ್ತೆ, ಬಸ್ಸು ಬರುವ ಮೊದಲು ಹಳ್ಳ ತುಂಬಿ ಸಂಕ ಮುಳುಗಿದರೆ ಒಂಟಿಮನೆಯವರಿಗೆ ತೀರ್ಥಹಳ್ಳಿಯೂ ದೂರದ ದೇಶವೇ. ಆದ್ದರಿಂದ ಮಳೆಗಾಲದ ಊಟವನ್ನು ಬೇಸಿಗೆಯಲ್ಲೇ ಬೆಳೆದಿಟ್ಟುಕೊಳ್ಳಬೇಕಾಗಿತ್ತು.

ಭತ್ತದ ಕೊಯ್ಲು ಮುಗಿದು ಗದ್ದೆಯಲ್ಲಿ ತೇವ ಉಳಿದಿರುವಾಗಲೇ ಬೀಜ ಹಾಕಬೇಕು. ದರಗು ಮತ್ತು ಕೊಟ್ಟಿಗೆಯ ಗೊಬ್ಬರ, ಗುಡ್ಡದ ಅಬ್ಬಿಯಿಂದ ಅಡಿಕೆ ದಂಬೆಯಲ್ಲಿ ಇಳಿದು ಬರುವ ನೀರು. ರೋಹಿಣಿ ಮಳೆ ಹನಿಯುವುದರೊಳಗೆ ಕಾಯಿ ಬಲಿತು ಮನೆಯೊಳಗೆ ಬಂದಿರಬೇಕು. ಮೃಗಶಿರಾ ಹಿಡಿದರೆ ಮುಗಿಯಿತು.

ಈ ಏರ್ಪಾಡಿನ ನಾಯಕ ಬಣ್ಣದ ಸೌತೆ. ಪೇಟೆಯಲ್ಲಿ ಮಂಗಳೂರು ಸೌತೆ ಎನ್ನುತ್ತಾರಲ್ಲ, ಅದೇ ಬಳಗ. ಹೆಸರು ಸೌತೆಯಾದರೂ ಸಸ್ಯಶಾಸ್ತ್ರದ ಪ್ರಕಾರ ಇದು ಕರಬೂಜದ ಪ್ರಭೇದಕ್ಕೆ ಸೇರಿದ್ದು. ಎಳೆಸೌತೆಗೆ ಹತ್ತಿರದ ನೆಂಟ, ಒಡಹುಟ್ಟಲ್ಲ. ಪೂರ್ತಿ ಬಲಿತು ಸಿಪ್ಪೆ ಗಟ್ಟಿಯಾದ ಕಾಯಿಯನ್ನು ತೊಟ್ಟಿನ ಸಮೇತ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಅಡುಗೆಮನೆಯ ತೊಲೆಗೆ ಒಂದಕ್ಕೊಂದು ತಾಗದಂತೆ ತೂಗುಬಿಡುತ್ತಿದ್ದರು. ನಾನು ವಿಜ್ಞಾನ ಓದಿದವನು. ಆದರೂ ಇದರ ಜಾಣ್ಮೆ ತಲೆಗೆ ಹೊಳೆಯಲು ನನಗೆ ಬಹಳ ಕಾಲ ಹಿಡಿಯಿತು. ಕೊಯ್ದ ಕಾಯಿಯೂ ಉಸಿರಾಡುತ್ತದೆ. ನೆಲದ ಮೇಲೆ ರಾಶಿ ಹಾಕಿದರೆ ಅಡಿಯ ಕಾಯಿ ಜಜ್ಜುತ್ತದೆ, ಬೆವರುತ್ತದೆ, ಬೂಷ್ಟು ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ತೂಗಿದ ಕಾಯಿಗೆ ಸುತ್ತಲೂ ಗಾಳಿ, ಕೆಳಗಿನಿಂದ ಒಲೆಯ ಬಿಸಿ ಮತ್ತು ಹೊಗೆ. ತೊಟ್ಟು ಉಳಿದಿರುವುದರಿಂದ ಕೊಳೆ ಒಳಗೆ ಹೊಗಲು ಗಾಯವೂ ಇಲ್ಲ. ಹೀಗೆ ಉಳಿದ ಸೌತೆ ಆಷಾಢದಲ್ಲಿ ಹಲಸಿನ ಬೀಜದ ಜೊತೆ ಹುಳಿಯಾಗುತ್ತಿತ್ತು. ಹಲಸಿನ ಬೀಜವೂ ಬೇಸಿಗೆಯ ಕೂಡಿಕೆಯೇ. ಸೊಳೆ ಉಪ್ಪುನೀರಿನ ಭರಣಿಗೆ, ಬೀಜ ಮಣ್ಣು ಮೆತ್ತಿಸಿಕೊಂಡು ಮೂಲೆಗೆ.

ಇಷ್ಟೆಲ್ಲ ಸರಿ, ಇದು ಚರಿತ್ರೆ ಹೇಗಾಯಿತು ಎಂದು ನೀವು ಕೇಳಬಹುದು. ಹಿತ್ತಲಿನಲ್ಲಿ ಜೊತೆಜೊತೆಗೆ ಬೆಳೆದ ಎರಡು ಗಿಡಗಳನ್ನೇ ನೋಡಿ. ಬೂದುಗುಂಬಳ ಏಷ್ಯಾದ್ದು. ಪಕ್ಕದ ಸಿಹಿಗುಂಬಳದ ತವರು ಅಮೆರಿಕ ಖಂಡ. ಮೆಣಸಿನಕಾಯಿ, ಗೆಣಸು, ಪಪ್ಪಾಯಿ, ಅನಾನಸು ಸಹ ಅಲ್ಲಿಯವೇ. ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಕೆಳದಿ ಅರಸರ ಆಳ್ವಿಕೆಯ ಆರಂಭ 1499 ಎಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಮಲೆನಾಡಿನ ಕಾಳುಮೆಣಸು, ಕರಾವಳಿಯ ಅಕ್ಕಿ ಪೋರ್ಚುಗೀಸರಿಗೆ ಬೇಕಿತ್ತು. 1623ರಲ್ಲಿ ಅವರ ರಾಯಭಾರಿಯ ಜೊತೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಘಟ್ಟ ಹತ್ತಿ ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಬಂದಿದ್ದ. ಮೆಣಸು ಘಟ್ಟ ಇಳಿಯಿತು, ಹೊಸ ಬೀಜಗಳು ಘಟ್ಟ ಹತ್ತಿದವು. 16ನೇ ಶತಮಾನದ ಆರಂಭದ ಮಂಗರಸನ 'ಸೂಪಶಾಸ್ತ್ರ'ದಲ್ಲಿ ಮೆಣಸಿನಕಾಯಿಯ ಸುಳಿವಿಲ್ಲ. ಆಮೇಲೆ ಬಂದ ಆ ಖಾರದ ಕಾಯಿ ನಮ್ಮ ಮೆಣಸಿನ ಹೆಸರನ್ನೇ ಹೊತ್ತುಕೊಂಡಿತು. ಕೊನೆಗೆ ಇಲ್ಲಿಯದೇ ಆದ ಮೆಣಸು ತನ್ನ ಗುರುತಿಗಾಗಿ 'ಕಾಳುಮೆಣಸು', 'ಒಳ್ಳೆಮೆಣಸು' ಎನಿಸಿಕೊಳ್ಳಬೇಕಾಯಿತು! ಶಾಸನ ಸಿಗದ ಕಡೆ ಶಬ್ದವೇ ಸಾಕ್ಷಿ.

ಶಿವಪ್ಪನಾಯಕನ 'ಶಿಸ್ತು' ಎಂಬ ಕಂದಾಯ ಪದ್ಧತಿಯನ್ನು ನೀವು ಪಾಠದಲ್ಲಿ ಓದಿರುತ್ತೀರಿ. ಅಲ್ಲಿ ಬರುವುದು ಗದ್ದೆ ಮತ್ತು ಅಡಿಕೆ ತೋಟ. 1801ರಲ್ಲಿ ಇಕ್ಕೇರಿ, ನಗರ, ಕವಲೇದುರ್ಗಗಳ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಕೂಡ ಹೆಚ್ಚು ಬರೆದದ್ದು ಅವುಗಳ ಬಗ್ಗೆಯೇ. ಹಣ ತರುವ ಬೆಳೆಗೆ ದಾಖಲೆ ಸಿಗುತ್ತದೆ. ಹೊಟ್ಟೆ ತುಂಬಿಸಿದ ಹಿತ್ತಲು ಹೆಂಗಸರ ಕೈಯಲ್ಲಿತ್ತು. ಅದರ ಕಡತವೆಂದರೆ ಬೀಜ. ಒಳ್ಳೆಯ ಕಾಯಿಯನ್ನು ಗುರುತಿಟ್ಟು ಬಳ್ಳಿಯಲ್ಲೇ ಹಣ್ಣಾಗಲು ಬಿಡುವುದು, ಬೀಜ ತೊಳೆದು ಬೂದಿಯಲ್ಲಿ ಹೊರಳಿಸಿ ಒಣಗಿಸುವುದು, ಸೋರೆಬುರುಡೆಯಲ್ಲಿ ತುಂಬಿ ಅಟ್ಟದಲ್ಲಿಡುವುದು. ಬೂದಿ ತೇವ ಹೀರುತ್ತದೆ, ಹುಳ ತಡೆಯುತ್ತದೆ. ಮಗಳು ಮದುವೆಯಾಗಿ ಹೋದ ಊರಿಗೆ ಬೀಜವೂ ಹೋಗುತ್ತಿತ್ತು.

ಈ ಕಡತ ಈಗ ಹರಿಯುತ್ತಿದೆ. ಬಯಲುಸೀಮೆಯ ಟೊಮೆಟೊ, ಕೋಸು ಮಳೆಗಾಲದಲ್ಲೂ ಬಸ್ಸಿನ ಮೇಲೆ ಬರುತ್ತವೆ. ಬರಲಿ, ಅದನ್ನು ದೂರುವುದರಲ್ಲಿ ಅರ್ಥವಿಲ್ಲ. ಆದರೆ ಗದ್ದೆ ಅಡಿಕೆ ತೋಟವಾದಲ್ಲಿ ಸೌತೆ ಓಳಿಗೆ ಜಾಗವಿಲ್ಲ. ಉಳಿದಲ್ಲಿ ಮಂಗನ ಕಾಟ. ಬಿತ್ತದೆ ನಾಲ್ಕಾರು ವರ್ಷ ಬಿಟ್ಟ ತಳಿ ಸದ್ದಿಲ್ಲದೆ ಇಲ್ಲವಾಗುತ್ತದೆ. ಇದನ್ನು ಕಂಡೇ ಶಿರಸಿಯಲ್ಲಿ ಸುನೀತಾ ರಾವ್ ಅವರು 2001ರಲ್ಲಿ ಮಲೆನಾಡಿನ ಹೆಂಗಸರನ್ನು ಸೇರಿಸಿ 'ವನಸ್ತ್ರೀ' ಎಂಬ ಕೂಟ ಆರಂಭಿಸಿದರು. ಹಿತ್ತಲಿನ ಬೀಜ ಉಳಿಸುವುದು, ಕೊಟ್ಟು ತೆಗೆದುಕೊಳ್ಳುವುದು ಅವರ ಕೆಲಸ.

ಮುಂದಿನ ರಜೆಯಲ್ಲಿ ಮಲೆನಾಡಿನ ಹಳೆಯ ಮನೆಯೊಂದಕ್ಕೆ ಹೋದರೆ ಅಡುಗೆಮನೆಯಲ್ಲಿ ಒಮ್ಮೆ ತಲೆಯೆತ್ತಿ ನೋಡಿ. ಹೊಗೆಗೆ ಕಪ್ಪಾದ ತೊಲೆಯಲ್ಲಿ ಸಾಲಾಗಿ ಮೊಳೆಗಳಿದ್ದರೆ, ಒಂದು ಮಳೆಗಾಲಕ್ಕೆ ಎಷ್ಟು ಕಾಯಿ ಬೇಕಾಗುತ್ತಿತ್ತು ಎಂದು ಅಜ್ಜಿಯನ್ನು ಕೇಳಿ, ಬರೆದುಕೊಳ್ಳಿ. ಅಟ್ಟದಲ್ಲಿ ಬೀಜ ಉಳಿದಿದೆಯೇ ಎಂದೂ ಕೇಳಿ. ಚೆನ್ನಾಗಿ ಒಣಗಿಸಿಟ್ಟ ಸೌತೆಬೀಜ ನಾಲ್ಕೈದು ವರ್ಷದ ಮೇಲೂ ಮೊಳೆಯಬಲ್ಲದು.