ಜಾವಾಡಾಕ್‌ಗೆ ಮೆಮೊರಿ ಸಾಲದಾದಾಗ: ಕನ್ನಡ ಲಿಪಿಯ ಪಾಲೆಷ್ಟು?

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ 7ನೇ ಸಂಪುಟದಲ್ಲಿವೆ. ಇಂಥ ಪಾಠಗಳನ್ನು ಹುಡುಕಿಕೊಡುವ ಜಾವಾ ತಂತ್ರಾಂಶವೊಂದರ ವಿವರಣೆಗಳನ್ನೆಲ್ಲ ಕನ್ನಡದಲ್ಲೇ ಬರೆದಿದ್ದೇವೆ ಎನ್ನೋಣ. ಬಿಲ್ಡ್ ಆಗುವಾಗ ಆ ವಿವರಣೆಗಳಿಂದ ಕೈಪಿಡಿ ತಯಾರಿಸುವ ಜಾವಾಡಾಕ್ ‘ಔಟ್ ಆಫ್ ಮೆಮೊರಿ’ ಎಂದು ನಿಂತರೆ, ಮೊದಲ ಅನುಮಾನ ಲಿಪಿಯ ಮೇಲೇ ಬೀಳುತ್ತದೆ. ಅನುಮಾನಕ್ಕೆ ಆಧಾರವಿಲ್ಲದಿಲ್ಲ.

ಯೂನಿಕೋಡ್‌ನಲ್ಲಿ ‘ಮಂಡ್ಯ’ ಎಂದರೆ ಐದು ಸಂಕೇತ: ಮ, ಅನುಸ್ವಾರ, ಡ, ಹಲಂತ, ಯ. ಯುಟಿಎಫ್-8 ಕಡತದಲ್ಲಿ ಒಂದೊಂದಕ್ಕೆ 3 ಬೈಟಿನಂತೆ 15 ಬೈಟು. ಮದ್ದೂರು, ಮಳವಳ್ಳಿ ಎರಡೂ ಏಳೇಳು ಸಂಕೇತ, 21 ಬೈಟು. ಜಾವಾದ ಒಳಗೆ ಸಂಕೇತಕ್ಕೆ 2 ಬೈಟು. 2017ರಲ್ಲಿ ಬಂದ ಜಾವಾ 9ರಿಂದ ಬರೀ ರೋಮನ್ ಅಕ್ಷರಗಳ ಸ್ಟ್ರಿಂಗಿಗೆ ಅಕ್ಷರಕ್ಕೆ ಒಂದೇ ಬೈಟು ಸಾಕು. ನಡುವೆ ಒಂದು ಕನ್ನಡ ಅಕ್ಷರ ಬಂದರೂ ಇಡೀ ಸ್ಟ್ರಿಂಗು ಎರಡರ ಲೆಕ್ಕಕ್ಕೆ ಹೋಗುತ್ತದೆ.

ಆದರೂ ವಿವರಣೆಗಳೆಲ್ಲ ಸೇರಿ ಸಾವಿರ ಪುಟದ ಗ್ರಂಥದಷ್ಟಿವೆ ಎಂದುಕೊಂಡು, ಪುಟಕ್ಕೆ 2,000 ಸಂಕೇತ ಹಿಡಿದರೆ, ಒಟ್ಟು 40 ಲಕ್ಷ ಬೈಟು. ಸುಮಾರು 4 ಎಂಬಿ. ಹೀಪ್‌ಗೆ, ಅಂದರೆ ತನ್ನ ದತ್ತಾಂಶ ಇಡುವ ಮೆಮೊರಿಗೆ, ಜಾವಾ ತಾನಾಗಿ ಹಾಕಿಕೊಳ್ಳುವ ಮಿತಿ ಸಾಮಾನ್ಯವಾಗಿ ಯಂತ್ರದ ಮೆಮೊರಿಯ ಕಾಲು ಭಾಗ. 4 ಜಿಬಿ ಯಂತ್ರದಲ್ಲೂ ಅದು 1 ಜಿಬಿ. ಇದರೆದುರು ಕನ್ನಡದ ಪಾಲು ನಗಣ್ಯವೆಂದೇ ನನ್ನ ತೀರ್ಮಾನ. ಮೆಮೊರಿಯನ್ನು ನಿಜಕ್ಕೂ ತಿನ್ನುವುದು ಮೂಲಕೋಡಿನ ವ್ಯಾಕರಣ ವೃಕ್ಷಗಳು ಮತ್ತು ಅದು ಬಳಸುವ ಲೈಬ್ರರಿಗಳ ವಿವರ. ಎಲ್ಲ ಮಾಡ್ಯೂಲುಗಳಿಗೂ ಸೇರಿ ಒಂದೇ ಕೈಪಿಡಿ ಕೇಳಿದರೆ ಇವೆಲ್ಲ ಒಟ್ಟಿಗೇ ಬಂದು ಕೂರುತ್ತವೆ.

ಮಿತಿ ಏರಿಸಿದರೂ ಫಲ ಕಾಣದಿರುವುದಕ್ಕೆ ಕಾರಣ ಬೇರೆ. ಬಿಲ್ಡ್ ಸಾಧನವಾದ ಮೇವನ್ ಜಾವಾಡಾಕನ್ನು ಪ್ರತ್ಯೇಕ ಪ್ರಕ್ರಿಯೆಯಾಗಿ ಓಡಿಸುತ್ತದೆ. ಹಾಗಾಗಿ ಮೇವನ್‌ಗೆಂದು ಕೊಟ್ಟ ಹೀಪ್ ಅದಕ್ಕೆ ತಲುಪುವುದೇ ಇಲ್ಲ; ಜಾವಾಡಾಕ್ ಪ್ಲಗಿನ್ನಿನ ‘ಮ್ಯಾಕ್ಸ್‌ಮೆಮೊರಿ’ಯಲ್ಲೇ ಹೇಳಬೇಕು. ಗ್ರೇಡಲ್‌ನಲ್ಲೂ ಜಾವಾಡಾಕ್ ಟಾಸ್ಕಿಗೆ ಇಂಥದೇ ಪ್ರತ್ಯೇಕ ಮಿತಿಯಿದೆ.

ಜಾವಾದ ದೋಷಸಂದೇಶವೇ ಇಲ್ಲದೆ, 137 ಎಂಬ ಸಂಖ್ಯೆಯೊಂದಿಗೆ ಬಿಲ್ಡ್ ನಿಂತಿದ್ದರೆ ಮಿತಿ ಏರಿಸುವ ಮದ್ದು ಹಾಕಬಾರದು. ಅದು 128ಕ್ಕೆ 9 ಕೂಡಿದ್ದು. 9 ಎಂದರೆ ‘ಕಿಲ್’ ಸಿಗ್ನಲ್. ಯಂತ್ರದ ಅಥವಾ ಕಂಟೈನರಿನ ಮೆಮೊರಿಯೇ ಮುಗಿದು ಲಿನಕ್ಸ್ ಕರ್ನೆಲ್ ಆ ಪ್ರಕ್ರಿಯೆಯನ್ನು ಕೊಂದಿರುವ ಸಂಭವ ಹೆಚ್ಚು. ಕರ್ನೆಲ್ ಲಾಗಿನಲ್ಲಿ ಅದರ ಸಾಲು ಸಿಕ್ಕರೆ ಹೀಪ್ ಏರಿಸುವ ಬದಲು ಇಳಿಸಿ, ಒಂದೊಂದು ಮಾಡ್ಯೂಲಿಗೂ ಬೇರೆಬೇರೆಯಾಗಿ ಜಾವಾಡಾಕ್ ಓಡಿಸಬೇಕು.