ಜಾಂಜಿಬಾರಿನಲ್ಲಿ ನಮ್ಮ ಆಣೆ

ಪೂರ್ವ ಆಫ್ರಿಕದ ಜಾಂಜಿಬಾರ್ ದ್ವೀಪದಲ್ಲಿ 1875ರಿಂದ 1895ರವರೆಗೆ ಅಂಚೆ ಕಚೇರಿ ನಡೆಸಿದ್ದು ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆ! ಲವಂಗ, ದಂತದ ವ್ಯಾಪಾರಕ್ಕೆ ಹೋದ ಕಛ್‌ನ ವರ್ತಕರು ಊರಿಗೆ ಬರೆದ ಕಾಗದಕ್ಕೆ ಅಂಟಿಸುತ್ತಿದ್ದುದು ಇಲ್ಲಿಯದೇ ಆಣೆ-ರೂಪಾಯಿ ಚೀಟಿ. ಮುದ್ರೆಯಲ್ಲಿ ಊರ ಹೆಸರು ಅಳಿಸಿದ್ದರೆ ಅದು ಮುಂಬಯಿಯದೋ ಜಾಂಜಿಬಾರಿನದೋ ಹೇಳುವುದೇ ಕಷ್ಟ. ಹಳೇ ಲಕೋಟೆಯಿಂದ ಚೀಟಿ ಕೀಳಬೇಡಿ ಎನ್ನುವುದು ಇದಕ್ಕೇ.

1895ರ ನವೆಂಬರಿನಲ್ಲಿ ಕಚೇರಿ ಜಾಂಜಿಬಾರ್ ಸರ್ಕಾರದ ಕೈಗೆ ಬಂತು. ಸ್ವಂತ ಚೀಟಿ ಸಿದ್ಧವಿರಲಿಲ್ಲ. ಭಾರತದ ಚೀಟಿಗಳ ಮೇಲೆಯೇ ಅಲ್ಲಿನ ಛಾಪಖಾನೆಯಲ್ಲಿ ದ್ವೀಪದ ಹೆಸರು ಒತ್ತಿಸಿದರು. ಮೊಳೆ ಜೋಡಿಸುವಾಗ 'ಬಿ' ಜಾಗಕ್ಕೆ 'ಡಿ' ಕೂತು ಕೆಲವು 'ಜಾಂಜಿಡಾರ್' ಆದವು. ಸಂಗ್ರಾಹಕರಿಗೆ ಬೇಕಾದದ್ದು ಈ ತಪ್ಪೇ ನೋಡಿ!

1896ರಲ್ಲಿ ಸುಲ್ತಾನ್ ಹಮದ್ ಬಿನ್ ಥುವೈನಿಯ ಚಿತ್ರದ ಚೀಟಿ ಬಂದರೂ ಬೆಲೆ ಆಣೆ-ರೂಪಾಯಿಯಲ್ಲೇ ಇತ್ತು. 1908ರಲ್ಲಿ ಆಣೆಯ ಜಾಗಕ್ಕೆ ಸೆಂಟ್ ಬಂತು. ರೂಪಾಯಿ ಮಾತ್ರ 1936ರಲ್ಲಿ ಷಿಲಿಂಗ್ ಬರುವವರೆಗೂ ಜಗ್ಗಲಿಲ್ಲ.