ಅಖಾಡ

ಮಾಘದಲ್ಲಿ ಉಳವಿ ಚನ್ನಬಸವೇಶ್ವರನ ಜಾತ್ರೆ. ಧಾರವಾಡದ ಕಡೆಯ ಚಕ್ಕಡಿಗಳು ಹಳಿಯಾಳ, ದಾಂಡೇಲಿ ದಾಟಿ ಜೋಯಿಡಾದ ಕಾಡು ಹೊಗುವ ಕಾಲವದು. ಸುಗ್ಗಿ ಮುಗಿದು ಜಾತ್ರೆಗಳು ಸಾಲುಗಟ್ಟುವ ಈ ದಿನಗಳೇ ಬಯಲು ಸೀಮೆಯ ಪೈಲ್ವಾನರಿಗೂ ಹಂಗಾಮು. ಆಗ ಊರೂರಲ್ಲಿ ಕೇಳಿಬರುವ ಮಾತು ‘ಅಖಾಡ’.

ಪದದ ಮೂಲ ಸಂಸ್ಕೃತದ ‘ಅಕ್ಷವಾಟ’. ಅಕ್ಷ ಎಂದರೆ ಪಗಡೆಯ ದಾಳ, ವಾಟ ಎಂದರೆ ಆವರಣ. ಜೂಜಿನ ಕಟ್ಟೆ ಕ್ರಮೇಣ ಮಲ್ಲರ ಕಣವಾಯಿತು. ಪ್ರಾಕೃತದಲ್ಲಿ ಸವೆದು ಹಿಂದಿಯಲ್ಲಿ ‘ಅಖಾಡಾ’, ಮರಾಠಿಯಲ್ಲಿ ‘ಆಖಾಡಾ’ ಆಯಿತು. ಮರಾಠಿ ಒಡನಾಟ ಗಾಢವಾಗಿರುವ ಹಳಿಯಾಳದಂಥ ಕಡೆ ಅದು ಪರಕೀಯ ಅನ್ನಿಸುವುದೇ ಇಲ್ಲ.

ಹಿಂದಿಯಲ್ಲಿ ತಾಲೀಮಿನ ಜಾಗವೂ ಅಖಾಡಾ, ಸಾಧುಗಳ ಪಂಗಡವೂ ಅಖಾಡಾ. ನಮ್ಮಲ್ಲಿ ತಾಲೀಮಿಗೆ ‘ಗರಡಿ’ ಇದೆ. ಹಾಗಾಗಿ ಅಖಾಡ ಬಹುಮಟ್ಟಿಗೆ ಪಂದ್ಯದ ಕಣಕ್ಕೇ ಮೀಸಲು. ಗರಡಿಯಲ್ಲಿ ಕಲಿತು ಅಖಾಡಕ್ಕೆ ಇಳಿಯುವುದು: ಈ ವ್ಯತ್ಯಾಸ ಕನ್ನಡದ ಸಂಪತ್ತು, ಕಳೆದುಕೊಳ್ಳಬಾರದು. ‘ಇಳಿ’ ಎಂಬ ಕ್ರಿಯಾಪದವೂ ಅಷ್ಟೇ ಸೊಗಸು. ಎಣ್ಣೆ, ಅರಿಶಿನ ಬೆರೆಸಿ ಹದಗೊಳಿಸಿದ ಮಣ್ಣಿಗೆ ಕಾಲಿಡುವಾಗಿನ ಭಕ್ತಿ ಅದರಲ್ಲಿದೆ.

ಹಳಿಯಾಳದ ಕ್ರೀಡಾ ವಸತಿ ನಿಲಯದಲ್ಲಿ ಹುಡುಗರು, ಹುಡುಗಿಯರು ಕುಸ್ತಿ ಕಲಿಯುತ್ತಾರೆ. ಸಿದ್ದಿ ಸಮುದಾಯದ ಮಕ್ಕಳೂ ಈ ಸೀಮೆಯಿಂದ ಕಣಕ್ಕೆ ಬಂದಿದ್ದಾರೆ. ಅಂತರರಾಷ್ಟ್ರೀಯ ಪಂದ್ಯ ಈಗ 9 ಮೀಟರ್ ವ್ಯಾಸದ ಮ್ಯಾಟಿನ ಮೇಲೆ. ಮಣ್ಣಿಲ್ಲದಿದ್ದರೂ ಜನ ಅದನ್ನು ಅಖಾಡವೆಂದೇ ಕರೆಯುತ್ತಾರೆ. ಪತ್ರಿಕೆಗಳಲ್ಲಂತೂ ‘ಚುನಾವಣಾ ಅಖಾಡ’ವೇ ಹೆಚ್ಚು.